ಪದಚರ್ಚೆ: ನೇಟ್ರನ್ ಎಂದರೆ ಪೆಟ್ಲುಪ್ಪೇ? ‘ಶವಲೇಪನ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆಂದು ಪ್ರಾಚೀನ ಈಜಿಪ್ಟಿನ ಬಗ್ಗೆ ಒಂದು ಕಿರುಪುಸ್ತಕ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ಹೀಗೊಂದು ವಾಕ್ಯವಿದೆ: ‘ದೇಹವನ್ನು ಎಪ್ಪತ್ತು ದಿನ ಪೆಟ್ಲುಪ್ಪಿನ ನೀರಿನಲ್ಲಿ ನೆನೆಹಾಕಿ, ಆಮೇಲೆ ಸುಗಂಧದ್ರವ್ಯಗಳ ಶವಲೇಪನ ಮಾಡಿ ಮಮ್ಮಿಯಾಗಿಸುತ್ತಿದ್ದರು.’ ಮೂಲದಲ್ಲಿರುವುದು ನೇಟ್ರನ್ ಮತ್ತು ಎಂಬಾಮಿಂಗ್. ಈ ಪದಗಳು ಒಪ್ಪುತ್ತವೆಯೇ? ದೇಹದಿಂದ ತೆಗೆದ ಅಂಗಗಳನ್ನು ಇಡುವ ಕ್ಯಾನೋಪಿಕ್ ಜಾರ್‌ಗೆ ಏನೆನ್ನಬಹುದು? ತಿಳಿದವರು ದಯವಿಟ್ಟು ಹೇಳಿ.

*

ನಮಸ್ಕಾರ. ಆ ವಾಕ್ಯವನ್ನು ಹಾಗೆಯೇ ಅಚ್ಚಿಗೆ ಕೊಡಬೇಡಿ. ಪದದ ಜೊತೆಗೆ ವಿಷಯವೂ ತಪ್ಪಿದೆ.

ಮೊದಲು ಪೆಟ್ಲುಪ್ಪು. ಅದು ಮದ್ದಿನಪುಡಿಗೆ ಹಾಕುವ ಪೊಟ್ಯಾಸಿಯಂ ನೈಟ್ರೇಟ್. ನೇಟ್ರನ್ ಬೇರೆಯೇ ವಸ್ತು: ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್, ಜೊತೆಗೆ ಒಂದಿಷ್ಟು ಉಪ್ಪು, ಸೋಡಿಯಂ ಸಲ್ಫೇಟ್. ಗೊಂದಲ ಬಂದದ್ದು ಯುರೋಪಿನ ದಾರಿಯಿಂದ. ಈಜಿಪ್ಟಿನವರ ‘ನೆಚೆರಿ’ ಗ್ರೀಕಿನಲ್ಲಿ ‘ನಿಟ್ರೊನ್’ ಆಯಿತು, ಲ್ಯಾಟಿನ್ನಿನಲ್ಲಿ ‘ನಿಟ್ರುಮ್’, ಇಂಗ್ಲಿಷಿನಲ್ಲಿ ‘ನೈಟರ್’. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೆರೆಮೀಯ 2:22 ನೋಡಿ. ಅಲ್ಲಿ ನೈಟರ್ ಮೈ ತೊಳೆಯುವ ವಸ್ತು. ಮುಂದೆ ಅದೇ ಹೆಸರು ಪೆಟ್ಲುಪ್ಪಿಗೆ ಅಂಟಿಕೊಂಡಿತು. ಹಳೆಯ ವಸ್ತುವಿಗೆ ಅರಬ್ಬಿಯ ‘ನತ್ರೂನ್’ ಕಡೆಯಿಂದ ನೇಟ್ರನ್ ಎಂಬ ಹೆಸರು ಬಂತು. ಸೋಡಿಯಂನ ಸಂಕೇತ ‘ಎನ್‌ಎ’ ಕೂಡ ಇದೇ ಕುಲದ್ದು. ಹಾಗಾಗಿ ಹಳೆಯ ಪುಸ್ತಕದಲ್ಲಿ ನೈಟರ್ ಕಂಡಾಗ ಅದು ತೊಳೆಯುವುದೋ ಸಿಡಿಯುವುದೋ ಎಂದು ನೋಡಿಕೊಂಡೇ ಕನ್ನಡ ಮಾಡಬೇಕು.

ನನ್ನ ಸೂಚನೆ ‘ಚೌಳುಪ್ಪು’. ಅಗಸರು ಬಟ್ಟೆ ಒಗೆಯಲು ತರುತ್ತಿದ್ದ ಚೌಳುಮಣ್ಣಿನ (ಕೆಲವೆಡೆ ಸವಳು, ಸೌಳು) ಗುಣವೇ ಇದರದ್ದೂ. ಈಜಿಪ್ಟಿನವರೂ ನಾರುಬಟ್ಟೆ ಒಗೆಯಲು, ಬಾಯಿ ಶುಚಿಮಾಡಲು, ಗಾಜು ಕರಗಿಸಲು ನೇಟ್ರನ್ ಬಳಸಿದವರು. ಕೈರೋದ ವಾಯವ್ಯಕ್ಕಿರುವ ವಾದಿ ನತ್ರೂನ್ ಎಂಬ ತಗ್ಗಿನಲ್ಲಿ ಕೆರೆಗಳು ಬೇಸಿಗೆಗೆ ಬತ್ತಿದಾಗ ದಡದಲ್ಲಿ ಬಿಳಿಯ ಹೆಪ್ಪು ಕಟ್ಟುತ್ತದೆ. ಅದನ್ನೇ ಕಿತ್ತು ತರುತ್ತಿದ್ದರು. ಸಜ್ಜೀಖಾರವೂ ರಸಾಯನದಲ್ಲಿ ಹತ್ತಿರದ್ದೇ, ಆದರೆ ಆ ಹೆಸರು ಓದುಗರನ್ನು ಹಪ್ಪಳದ ಹಿಟ್ಟಿಗೆ ಕರೆದೊಯ್ಯುತ್ತದೆ. ಚೌಳು ಎಂದರೆ ನೆಲ, ನೀರು, ಬಿಸಿಲು ಮೂರೂ ಕಣ್ಣಿಗೆ ಬರುತ್ತವೆ. ಮೊದಲ ಸಲ ‘ನೇಟ್ರನ್ ಎಂಬ ಚೌಳುಪ್ಪು’ ಎಂದು ಬರೆದು ಆಮೇಲೆ ಚೌಳುಪ್ಪು ಎಂದಷ್ಟೇ ಬಳಸಿ.

ಇನ್ನು ‘ನೀರಿನಲ್ಲಿ ನೆನೆಹಾಕಿ’. ಇದು ಬಹಳ ಹಳೆಯ ತಪ್ಪು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈ ಕೆಲಸಕ್ಕೆ ಬಳಸಿದ ಗ್ರೀಕ್ ಕ್ರಿಯಾಪದ ಮೀನಿಗೆ ಉಪ್ಪು ಹಾಕುವುದಕ್ಕೂ ನಡೆಯುತ್ತಿತ್ತು. ಅನುವಾದಕರು ಅದನ್ನು ಉಪ್ಪುನೀರೆಂದು ತಿಳಿದರು. ಈಜಿಪ್ಟಿನ ರಾಜ ಟುಟಾಂಖಾಮುನ್ ಸಮಾಧಿಯ ವಸ್ತುಗಳ ಮೇಲೆ ಕೆಲಸಮಾಡಿದ ರಸಾಯನಜ್ಞ ಆಲ್‌ಫ್ರೆಡ್ ಲೂಕಸ್ ಹಕ್ಕಿಗಳ ಮೇಲೆ ಪ್ರಯೋಗ ಮಾಡಿ, ಒಣ ನೇಟ್ರನ್ನೇ ಸರಿಯಾದ ದಾರಿಯೆಂದು ವಾದಿಸಿದರು. 1994ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಬಾಬ್ ಬ್ರೈಯರ್ ಮತ್ತು ರೊನಾಲ್ಡ್ ವೇಡ್ ಎಂಬ ಸಂಶೋಧಕರು ದಾನವಾಗಿ ಬಂದ ದೇಹವೊಂದನ್ನು ವಾದಿ ನತ್ರೂನಿನದೇ 250 ಕಿಲೋಗೂ ಹೆಚ್ಚು ನೇಟ್ರನ್‌ನಲ್ಲಿ ಹೂತಿಟ್ಟು 35 ದಿನ ಬಿಟ್ಟರು; ದೇಹ ಕೊಳೆಯದೆ ಒಣಗಿ ಬಂತು.

ಒಣದ್ದೇ ಏಕೆ ಬೇಕೆಂದರೆ ಕೊಳೆಸುವ ಜೀವಾಣುಗಳಿಗೆ ನೀರು ಬೇಕು. ಒಣ ಚೌಳುಪ್ಪು ಆ ನೀರನ್ನು ಎಳೆದುಕೊಳ್ಳುತ್ತದೆ, ಅದರ ಕ್ಷಾರ ಕೊಬ್ಬನ್ನು ಸಾಬೂನಿನಂತೆ ಒಡೆಯುತ್ತದೆ. ಬರೀ ಅಡುಗೆ ಉಪ್ಪಿಗೆ ಈ ಎರಡನೆಯ ಗುಣವಿಲ್ಲ. ದ್ರಾವಣದಲ್ಲಿಟ್ಟರೆ ಮೇಲುಚರ್ಮ ಸುಲಿದು ಬರುತ್ತದೆ, ಎತ್ತುವಷ್ಟರಲ್ಲಿ ದೇಹ ಮತ್ತೆ ಒದ್ದೆ. ಹೊರಗಿನಿಂದ ರಾಶಿ ಸುರಿದರೂ ಸಾಲದು, ಒಣಗು ಒಳಗೆ ಮುಟ್ಟುವ ಮೊದಲೇ ಹೊಟ್ಟೆ ಕೊಳೆಯುತ್ತದೆ. ಅದಕ್ಕೇ ಎಡಪಕ್ಕೆಯಲ್ಲಿ ಕೊಯ್ದು ಯಕೃತ್ತು, ಶ್ವಾಸಕೋಶ, ಜಠರ, ಕರುಳು ತೆಗೆದು, ಹೃದಯವನ್ನು ಬಿಟ್ಟು, ಖಾಲಿಯಾದ ಎದೆ ಹೊಟ್ಟೆಗಳಲ್ಲಿ ನೇಟ್ರನ್ ತುಂಬಿದ ನಾರುಬಟ್ಟೆಯ ಗಂಟುಗಳನ್ನು ಇಡುತ್ತಿದ್ದರು. ಒಣಗುವಾಗ ಉಗುರು ಕಳಚದಿರಲೆಂದು ಬೆರಳಿಗೆ ದಾರ ಸುತ್ತುತ್ತಿದ್ದುದೂ ಉಂಟು. ಎಪ್ಪತ್ತು ದಿನ ಎಂಬುದು ಸಾವಿನಿಂದ ಸಮಾಧಿಯವರೆಗಿನ ಒಟ್ಟು ಲೆಕ್ಕ. ಚೌಳುಪ್ಪಿನಲ್ಲಿ ಇರುತ್ತಿದ್ದುದು ಸುಮಾರು 40 ದಿನ.

ಇಷ್ಟು ತಿಳಿದ ಮೇಲೆ ‘ಶವಲೇಪನ’ ಏಕೆ ಬೇಡವೆಂದು ಬೇರೆ ಹೇಳಬೇಕಿಲ್ಲ. ಲೇಪ ಕೊನೆಯ ಹಂತ. ಒಣಗಿದ ದೇಹಕ್ಕೆ ಎಣ್ಣೆ ತಿಕ್ಕಿ, ಬಿಸಿಮಾಡಿದ ರಾಳ ಹಚ್ಚಿ ತೇವ ಮತ್ತೆ ಸೇರದಂತೆ ಮುಚ್ಚುವುದು ಅಷ್ಟೇ. ಉಳಿಸಿದ್ದು ಲೇಪವಲ್ಲ, ಒಣಗು. ಲೇಪ ಅತಿಯಾದರೆ ಕೆಡುಕೇ: ಟುಟಾಂಖಾಮುನ್ ಶವಕ್ಕೆ ಹೇರಳವಾಗಿ ಸುರಿದ ದ್ರವ ಗಟ್ಟಿಯಾಗಿ, ಬಟ್ಟೆ ಕರಿಕಾಗಿ, ದೇಹ ಪೆಟ್ಟಿಗೆಯ ತಳಕ್ಕೇ ಅಂಟಿತ್ತು. ತಲೆಬರಹಕ್ಕೆ ‘ಶವಸಂರಕ್ಷಣೆ’ ಸಾಕು. ವಿವರಣೆಯಲ್ಲಿ ‘ಹೆಣವನ್ನು ಒಣಗಿಸಿ ಕಾಪಿಡುವುದು’ ಎಂದೇ ಬರೆಯಿರಿ. ‘ಹೆಣ’ ಎಂಬ ಮಾತಿಗೆ ಹಿಂಜರಿಯಬೇಡಿ, ಮಕ್ಕಳಿಗೆ ಅದು ಶವಕ್ಕಿಂತ ಬೇಗ ತಿಳಿಯುತ್ತದೆ.

‘ಮಮ್ಮಿ’ ಇರಲಿ. ಅದು ಪಾರಸಿ-ಅರಬ್ಬಿಯ ‘ಮೂಮಿಯಾ’, ಅಂದರೆ ಕಲ್ಲರಗಿನಂಥ ಕಪ್ಪು ವಸ್ತು. ಕಪ್ಪಾದ ರಾಳ ಕಂಡವರು ಹಾಗೆ ಕರೆದರು. ನಮ್ಮ ಶಿಲಾಜಿತುವನ್ನೂ ಯುನಾನಿಯವರು ಇದೇ ಹೆಸರಿನ ಸಾಲಿಗೆ ಸೇರಿಸುತ್ತಾರೆ.

ಕ್ಯಾನೋಪಿಕ್ ಜಾರ್‌ಗೆ ‘ಅಂಗಭರಣಿ’ ಎನ್ನಿ. ‘ಕರುಳಭರಣಿ’ ಬೇಡ, ನಾಲ್ಕರಲ್ಲಿ ಒಂದರಲ್ಲಿ ಮಾತ್ರ ಕರುಳು. ಒಂದೊಂದಕ್ಕೂ ಕಾವಲಿನ ದೇವರು ಬೇರೆ: ಮನುಷ್ಯಮುಖದ ಇಮ್ಸೆತಿ ಯಕೃತ್ತಿಗೆ, ಕೋತಿಮುಖದ ಹಾಪಿ ಶ್ವಾಸಕೋಶಕ್ಕೆ, ನರಿಮುಖದ ದುಆಮುತೆಫ್ ಜಠರಕ್ಕೆ, ಗಿಡುಗನ ಮುಖದ ಕೆಬೆಹ್ಸೆನುಎಫ್ ಕರುಳಿಗೆ. ಚಿತ್ರ ಆರಿಸುವಾಗ ಕಾಲ ಗಮನಿಸಿ, ಈ ನಾಲ್ಕು ಬೇರೆಬೇರೆ ಮುಖಗಳು ರೂಢಿಗೆ ಬಂದದ್ದು ತಡವಾಗಿ. ಟುಟಾಂಖಾಮುನ್‌ನ ನಾಲ್ಕೂ ಮುಚ್ಚಳಗಳಲ್ಲಿ ರಾಜನ ಮುಖವೇ ಇದೆ.

ವಾಕ್ಯ ಹೀಗಾಗಬಹುದು: ‘ಒಳಗಿನ ಅಂಗಗಳನ್ನು ತೆಗೆದು, ದೇಹದ ಒಳಗೂ ಹೊರಗೂ ನೇಟ್ರನ್ ಎಂಬ ಒಣ ಚೌಳುಪ್ಪು ತುಂಬಿ ಸುಮಾರು ನಲವತ್ತು ದಿನ ಒಣಗಿಸುತ್ತಿದ್ದರು. ಆಮೇಲೆ ಎಣ್ಣೆ, ರಾಳ ಹಚ್ಚಿ ನಾರುಬಟ್ಟೆ ಸುತ್ತುತ್ತಿದ್ದರು. ಎಲ್ಲ ಮುಗಿದು ಸಮಾಧಿಯಾಗಲು ಎಪ್ಪತ್ತು ದಿನ ಹಿಡಿಯುತ್ತಿತ್ತು.’

*

ಮೇಲಿನವರ ಮಾತಿಗೆ ಒಂದು ಸೇರಿಕೆ, ‘ಸುಗಂಧದ್ರವ್ಯ’ದ ಬಗ್ಗೆ. ಕರಡಿನಲ್ಲಿ ಮುಂದೆಲ್ಲಾದರೂ ‘ರಕ್ತಬೋಳ’ (ಇಂಗ್ಲಿಷಿನ ಮಿರ್, ಮರದಿಂದ ಒಸರುವ ಸುಗಂಧದ ಅಂಟು) ಎಂದಿದ್ದರೆ ಮೂಲ ನೋಡಿ. ಈಜಿಪ್ಟಿನ ‘ಆಂಟಿಯು’ ಪದವನ್ನು ಬಹುಕಾಲ ರಕ್ತಬೋಳವೆಂದೇ ಅನುವಾದಿಸುತ್ತಿದ್ದರು. ಕೈರೋ ಬಳಿಯ ಸಕ್ಕಾರದಲ್ಲಿ 2016ರಲ್ಲಿ ಸಿಕ್ಕ ಶವಸಂರಕ್ಷಣೆಯ ಕಾರ್ಯಾಗಾರದ ಮಡಕೆಗಳ ಮೇಲೆ ಹೆಸರು ಬರೆದಿತ್ತು; ಒಳಗಿನ ಜಿಡ್ಡಿನ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಆಂಟಿಯು ಎಂದು ಬರೆದ ಮಡಕೆಗಳಲ್ಲಿ ಇದ್ದುದು ದೇವದಾರು, ಜುನಿಪರ್ ಅಥವಾ ಸೈಪ್ರೆಸ್ ಎಣ್ಣೆಗಳ ಜೊತೆ ಪ್ರಾಣಿಯ ಕೊಬ್ಬು. ಅಲ್ಲಿಯೇ ಆಗ್ನೇಯ ಏಷ್ಯಾದ ಕಾಡುಗಳಿಂದ ಬಂದ ಡಾಮರ್ ರಾಳವೂ ಸಿಕ್ಕಿತು. ಆ ಕಾರ್ಯಾಗಾರದ ಕಾಲಕ್ಕೂ ಹಿಂದೆ, ಕ್ರಿ.ಪೂ. 1213ರಲ್ಲಿ ತೀರಿಕೊಂಡ ರಾಜ ಎರಡನೇ ರಾಮ್ಸೆಸ್‌ನ ಮೂಗಿನಲ್ಲಿ ಕಾಳುಮೆಣಸು ಇತ್ತು. ಅದರ ತವರು ನಮ್ಮ ಪಶ್ಚಿಮಘಟ್ಟದ ಸೀಮೆ.

ಹಾಗೆಂದು ಎಲ್ಲ ಕಡೆ ರಕ್ತಬೋಳ ಅಳಿಸುವುದೂ ಬೇಡ. ದೇರ್ ಅಲ್ ಬಹ್ರಿಯ ದೇವಾಲಯದ ಗೋಡೆಯ ಚಿತ್ರದಲ್ಲಿ ಹತ್‌ಶೆಪ್ಸುತ್ ರಾಣಿಯ ಜನ ಪುಂಟ್ ದೇಶದಿಂದ ಆಂಟಿಯು ಮರಗಳನ್ನು ಬೇರುಸಮೇತ ಬುಟ್ಟಿಯಲ್ಲಿ ಹೊತ್ತು ತರುತ್ತಾರೆ. ಅಲ್ಲಿ ಅದು ಧೂಪದ ಮರವೇ ಹೊರತು ಎಣ್ಣೆಯಲ್ಲ. ಆ ಪುಟದಲ್ಲಿ ‘ಧೂಪದ ಮರ’ ಎಂದೂ, ಶವಸಂರಕ್ಷಣೆಯ ಪುಟದಲ್ಲಿ ‘ಎಣ್ಣೆ, ಕೊಬ್ಬು, ರಾಳಗಳ ಮಿಶ್ರಣ’ ಎಂದೂ ಬರೆಯುವುದು ಕ್ಷೇಮ.