ಗೋಡೆಯ ಬೂಷ್ಟಿಗೂ ಮಗುವಿನ ಕೆಮ್ಮಿಗೂ ಸಂಬಂಧ ಇದೆಯಾ?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ. ಮಳೆ ಹಿಡಿದರೆ ಸಾಕು, ಮಲಗುವ ಕೋಣೆಯ ಪಶ್ಚಿಮದ ಗೋಡೆ ಒದ್ದೆಯಾಗಿ ಕಪಾಟಿನ ಹಿಂದೆ ಕಪ್ಪು ಬೂಷ್ಟು ಬರುತ್ತದೆ. ಆರು ವರ್ಷದ ಮಗಳಿಗೆ ರಾತ್ರಿಯೆಲ್ಲ ಕೆಮ್ಮು. ಗಣೇಶನ ಹಬ್ಬಕ್ಕೆ ವಿಜಯಪುರಕ್ಕೆ ಹೋದಾಗ ಕೆಮ್ಮೇ ಇರುವುದಿಲ್ಲ. ಓನರ್ ‘ಪೇಂಟ್ ಹೊಡೆಸಿ’ ಅನ್ನುತ್ತಾರೆ. ಏನು ಮಾಡಲಿ ಡಾಕ್ಟರ್?

ಉತ್ತರ (ಎದೆರೋಗ ವೈದ್ಯರು): ಸಂಬಂಧ ಇರಬಹುದು. ಊರಿಗೆ ಹೋದಾಗ ಕೆಮ್ಮು ಇಲ್ಲ ಅಂದಿರಲ್ಲ, ಅದನ್ನು ನಿಮ್ಮ ಮಕ್ಕಳ ಡಾಕ್ಟರಿಗೆ ಮೊದಲು ಹೇಳಿ. ತೇವದ ಮನೆಯಲ್ಲಿ ಕೆಮ್ಮು, ಉಬ್ಬಸ, ಆಸ್ತಮಾ ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಬೂಷ್ಟಿನ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಯಲ್ಲಿ ತೇಲುತ್ತವೆ. ಅಲರ್ಜಿ ಇರುವ ಮಗುವಿನ ಶ್ವಾಸನಾಳ ಅದಕ್ಕೆ ಊದಿಕೊಳ್ಳುತ್ತದೆ. ಹಾಸಿಗೆಯ ಧೂಳುಹುಳಗಳೂ ತೇವದಲ್ಲೇ ಹೆಚ್ಚುತ್ತವೆ. ಹಾಗಾಗಿ ಬರೀ ಬೂಷ್ಟಿನ ಮೇಲೇ ತಪ್ಪು ಹೊರಿಸಬೇಡಿ.

ಆಸ್ತಮಾ ಅಂತ ಗೊತ್ತಾಗಿ ಇನ್‌ಹೇಲರ್ ಬರೆದುಕೊಟ್ಟರೆ ಹೆದರಬೇಡಿ. ‘ಅಭ್ಯಾಸ ಆಗಿಬಿಡುತ್ತೆ’ ಅಂತ ಅರ್ಧಕ್ಕೆ ಬಿಟ್ಟು ನರಳುವ ಮಕ್ಕಳನ್ನು ನೋಡಿದಾಗ ತುಂಬಾ ಸಂಕಟವಾಗುತ್ತದೆ. ಅದು ಚಟ ಹಿಡಿಸುವ ಔಷಧಿ ಅಲ್ಲವೇ ಅಲ್ಲ. ಉಸಿರಾಡುವಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮಾತಾಡಲೂ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಇನ್ನು ಗೋಡೆ. ಪೇಂಟ್ ಹೊಡೆದರೆ ಮುಂದಿನ ಮಳೆಗೆ ಮತ್ತೆ ಅದೇ. ನೀರು ಎಲ್ಲಿಂದ ಬರುತ್ತದೆ, ಅದನ್ನು ಹುಡುಕಬೇಕು. ಮುಂಬೈ ಕಡೆ ಮಳೆ ನೈರುತ್ಯದ ಗಾಳಿ ಜೊತೆ ಬಡಿಯುತ್ತದೆ, ಪಶ್ಚಿಮದ ಗೋಡೆಗೇ ಏಟು ಜಾಸ್ತಿ. ಮಳೆಗಾಲದಲ್ಲಿ ಮಾತ್ರ ಒದ್ದೆ ಅಂದರೆ ಹೊರಗೋಡೆಯ ಬಿರುಕು ಇರಬಹುದು. ವರ್ಷವಿಡೀ ಒದ್ದೆ ಇದ್ದರೆ ಮೇಲಿನ ಮನೆಯ ಬಾತ್‌ರೂಮ್ ಅಥವಾ ಪೈಪು ನೋಡಿಸಿ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ (ಕಟ್ಟಡದ ಮನೆ ಮಾಲೀಕರ ಸಂಘಗಳ) ಮಾದರಿ ನಿಯಮದ ಪ್ರಕಾರ ಮಳೆನೀರಿನ ಸೋರಿಕೆ ಸೊಸೈಟಿಯ ಖರ್ಚು, ಮನೆಯೊಳಗಿನ ಶೌಚಾಲಯ, ಸಿಂಕ್ ಸೋರಿಕೆ ಆ ಮನೆಯವರ ಖರ್ಚು. ಓನರ್ ಮೂಲಕ ಸೊಸೈಟಿಗೆ ಫೋಟೋ ಸಮೇತ ಬರೆದು ಕೊಡಿಸಿ. ಬಾಯಿಮಾತು ಸಾಲದು.

ಅಲ್ಲಿಯವರೆಗೆ ಮಗಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಕಪಾಟು ಗೋಡೆಯಿಂದ ಒಂದು ಗೇಣಾದರೂ ದೂರ ಇರಲಿ. ಒದ್ದೆ ಬಟ್ಟೆ ಕೋಣೆಯಲ್ಲಿ ಒಣಗಿಸಬೇಡಿ. ಮಳೆಗಾಲದಲ್ಲಿ ಇದು ಕಷ್ಟ ಅಂತ ಗೊತ್ತು. ಬೇರೆ ದಾರಿ ಇಲ್ಲದಿದ್ದರೆ ಬಾತ್‌ರೂಮಲ್ಲಿ ಹಾಕಿ, ಬಾಗಿಲು ಮುಚ್ಚಿ ಎಗ್ಸಾಸ್ಟ್ ಫ್ಯಾನ್ ಬಿಡಿ. ಎಸಿ ಇದ್ದರೆ ಡ್ರೈ ಮೋಡ್ ನೆರವಾಗುತ್ತದೆ. ಒಳಗಿನ ತೇವಾಂಶ ಶೇ. 60ರ ಕೆಳಗೆ ಇದ್ದರೆ ಒಳ್ಳೆಯದು.

ಇನ್ನೊಬ್ಬ ಸದಸ್ಯೆ, ಮುಲುಂಡ್: ನಾನು ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಹಾಕಿ ಉಜ್ಜುತ್ತೇನೆ. ಸರಿಯಾ?

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ! ಟಾಯ್ಲೆಟ್ ಕ್ಲೀನರ್‌ನಲ್ಲಿ ಆಸಿಡ್ ಇರುತ್ತದೆ. ಬ್ಲೀಚಿಗೆ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಬೂಷ್ಟು ಸ್ವಲ್ಪವೇ ಇದ್ದರೆ ಸೋಪಿನ ನೀರು ಸಾಕು. ಎನ್95 ಮಾಸ್ಕ್, ಗ್ಲೌಸ್ ಹಾಕಿ, ಕಿಟಕಿ ತೆರೆದು, ಒದ್ದೆ ಬಟ್ಟೆಯಲ್ಲೇ ಒರೆಸಿ. ಒಣ ಪೊರಕೆಯಲ್ಲಿ ಗುಡಿಸಿದರೆ ಕಣಗಳು ಮನೆಯೆಲ್ಲ ಹರಡುತ್ತವೆ. ಆಮೇಲೆ ಜಾಗ ಪೂರ್ತಿ ಒಣಗಬೇಕು. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು.

ಇನ್ನೊಬ್ಬರು, ಘಾಟ್‌ಕೋಪರ್: ಅಪ್ಪನಿಗೆ ತಿಂಗಳಿಂದ ಕೆಮ್ಮು, ಸಂಜೆ ಜ್ವರ. ನಮ್ಮ ಮನೆಯಲ್ಲೂ ಬೂಷ್ಟು ಇದೆ. ಅದರಿಂದಲೇ ಇರಬೇಕಲ್ವಾ?

ಉತ್ತರ: ಹಾಗೆ ಅಂದುಕೊಂಡು ಕೂರಬೇಡಿ. ಇದು ಟಿಬಿಯೂ ಇರಬಹುದು. ಬೂಷ್ಟಿನಿಂದ ಟಿಬಿ ಬರುವುದಿಲ್ಲ. ಆದರೆ ಎರಡು ವಾರ ಮೀರಿದ ಕೆಮ್ಮಿಗೆ ಟಿಬಿ ಪರೀಕ್ಷೆ ಆಗಲೇಬೇಕು. ಸರ್ಕಾರಿ ಕೇಂದ್ರದಲ್ಲಿ ಕಫದ ಪರೀಕ್ಷೆ ಉಚಿತ. ನಾಳೆಯೇ ಕರೆದುಕೊಂಡು ಹೋಗಿ, ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ.