ಚಿಲಿಯ ಪ್ಯಾಲೆಸ್ತೀನಿಯರು, ಸ್ವಿಸ್ಸರು: ಹೋಲಿಕೆ ಎಲ್ಲಿಂದ ಶುರು ಮಾಡೋದು?

ಶಂಕರಘಟ್ಟ ಎಂ.ಎ.

ಸಮಾಜಶಾಸ್ತ್ರದ ಕೊನೇ ಸೆಮಿಸ್ಟರ್ ಕಿರುಪ್ರಬಂಧ. ಪ್ಯಾಲೆಸ್ತೀನ್ ಮೂಲದ ಮತ್ತು ಸ್ವಿಟ್ಜರ್ಲೆಂಡ್ ಮೂಲದ ವಲಸಿಗರ ಮಕ್ಕಳು, ಮೊಮ್ಮಕ್ಕಳು ಹೋದ ನಾಡಲ್ಲಿ ಎಲ್ಲಿಗೆ ಮುಟ್ಟಿದ್ದಾರೆ ಅನ್ನೋದನ್ನ ಹೋಲಿಸಬೇಕು. ಸ್ವಿಸ್ ಅಂದ್ರೆ ಬ್ಯಾಂಕು, ಗಡಿಯಾರ. ಪ್ಯಾಲೆಸ್ತೀನ್ ಅಂದ್ರೆ ನಿರಾಶ್ರಿತರ ಶಿಬಿರ. ಉತ್ತರ ಮೊದಲೇ ಗೊತ್ತಲ್ಲ ಅಂತ ಕ್ಲಾಸಲ್ಲಿ ಮಾತು. ಅಷ್ಟು ಸಲೀಸಲ್ಲ ಅನ್ನಿಸ್ತಿದೆ. ಯಾವ ದೇಶ ಹಿಡಿದರೆ ಎರಡೂ ಸಮುದಾಯ ಒಟ್ಟಿಗೆ ಸಿಗುತ್ತವೆ? ಅಂಕಿಅಂಶ ಎಲ್ಲಿಂದ ತೆಗೆಯೋದು? ವಿಮಾನ ಹತ್ತೋ ದುಡ್ಡಿಲ್ಲ, ಲ್ಯಾಪ್‌ಟಾಪ್ ಮುಂದೆ ಕೂತು ಆಗುವಂಥದ್ದೇ ಆಗಬೇಕು. ಮೂರು ತಿಂಗಳು ಟೈಮಿದೆ.

ಮಂಡಿಲೆಕ್ಕ

ಚಿಲಿ ಹಿಡೀರಿ. ಅರಬ್ ನಾಡುಗಳ ಹೊರಗೆ ಅತಿ ದೊಡ್ಡ ಪ್ಯಾಲೆಸ್ತೀನ್ ಮೂಲದ ಸಮುದಾಯ ಇರೋದು ಅಲ್ಲೇ. 5 ಲಕ್ಷದವರೆಗೆ ಅಂತ ಅಂದಾಜು ಹೇಳ್ತಾರೆ. ಸ್ವಿಸ್ ಮೂಲದವರೂ ಹತ್ತಾರು ಸಾವಿರ ಇದ್ದಾರೆ. ಕಾನೂನು ಒಂದೇ, ಭಾಷೆ ಒಂದೇ, ಬಂದ ಕಾಲವೂ ಹೆಚ್ಚುಕಮ್ಮಿ ಹತ್ತಿರ. ಕ್ಲಾಸಿನ ಊಹೆ ಅಲ್ಲಿ ಮೊದಲ ದಿನವೇ ತಲೆಕೆಳಗಾಗುತ್ತದೆ.

ಯಾಕೆಂದರೆ ಚಿಲಿಯ ಪ್ಯಾಲೆಸ್ತೀನಿಯರು 1948ರಲ್ಲಿ ಇಸ್ರೇಲ್ ಹುಟ್ಟಿದಾಗ ನೆಲೆ ಕಳೆದುಕೊಂಡ ನಿರಾಶ್ರಿತರಲ್ಲ. 19ನೇ ಶತಮಾನದ ಕೊನೆಯಿಂದಲೇ ಬೆತ್ಲೆಹೆಮ್, ಬೈತ್ ಜಾಲಾ, ಬೈತ್ ಸಹೂರ್ ಎಂಬ ಅಕ್ಕಪಕ್ಕದ ಮೂರು ಊರುಗಳಿಂದ ಹೊರಟವರು. ಬಹುಪಾಲು ಆರ್ಥೊಡಾಕ್ಸ್ ಕ್ರೈಸ್ತರು. 1909ರಲ್ಲಿ ಆಟೊಮನ್ ಸರ್ಕಾರ ಕಡ್ಡಾಯ ಸೈನ್ಯಸೇವೆಯನ್ನು ಕ್ರೈಸ್ತರಿಗೂ ಹಾಕಿದ ಮೇಲೆ ಹುಡುಗರು ಹೊರಡೋದು ಜಾಸ್ತಿಯಾಯಿತು. ಬ್ಯೂನಸ್ ಐರಿಸ್‌ನಲ್ಲಿ ಹಡಗಿಳಿದು ಎಷ್ಟೋ ಜನ ಹೇಸರಗತ್ತೆ ಮೇಲೆ ಆಂಡಿಸ್ ಪರ್ವತ ದಾಟಿದರು. ಕೈಯಲ್ಲಿ ಜಮೀನಿಲ್ಲ, ಸರ್ಕಾರದ ಸಹಾಯಧನವಿಲ್ಲ. ದಾರ, ಸೂಜಿ, ಬಾಚಣಿಗೆ, ಬಟ್ಟೆ ತಲೆಹೊರೆಯಲ್ಲಿ ಹೊತ್ತು ಊರೂರು ಸುತ್ತಿದರು. ಸರಕು ಕೊಡುತ್ತಿದ್ದವನು ಮೊದಲೇ ಬಂದು ಅಂಗಡಿ ಹಾಕಿದ್ದ ಸ್ವಂತ ಊರಿನವನು: ಸಾಲಕ್ಕೆ ಕೊಟ್ಟು, ಮಾರಿದ ಮೇಲೆ ತೀರಿಸು ಅನ್ನುವ ಲೆಕ್ಕ. ಹಳ್ಳಿಯ ಗಿರಾಕಿಗೆ ಇವನು ವಾರದ ಕಂತಿನಲ್ಲಿ ಕೊಡುತ್ತಿದ್ದ. ಈ ಎರಡು ಹಂತದ ಉದ್ದರಿಯೇ ಅವರ ಬಂಡವಾಳ. ತಲೆಹೊರೆಯಿಂದ ಅಂಗಡಿ, ರಾಜಧಾನಿ ಸಾಂಟಿಯಾಗೊದ ಪತ್ರೊನಾತೊ ಬೀದಿಯಲ್ಲಿ ಸಗಟು ವ್ಯಾಪಾರ, 1930ರ ದಶಕದಲ್ಲಿ ಆಮದಿಗೆ ತಡೆ ಬಿದ್ದಾಗ ಬಟ್ಟೆ ಗಿರಣಿ. ಯಾರೂರ್, ಸುಮಾರ್, ಹಿರ್ಮಾಸ್ ಕುಟುಂಬಗಳ ಗಿರಣಿಗಳು ಆ ಕಾಲದವು. ಯಾರೂರ್ ಕುಟುಂಬದ ಬ್ಯಾಂಕು ಬಿಸಿಐ 1937ರದ್ದು, ಈಗಲೂ ದೊಡ್ಡ ಬ್ಯಾಂಕುಗಳಲ್ಲಿ ಒಂದು.

ಸ್ವಿಸ್ಸರ ಕತೆ ಉಲ್ಟಾ. 1870, 80ರ ದಶಕದಲ್ಲಿ ಅಮೆರಿಕ, ರಷ್ಯಾದ ಅಗ್ಗದ ಗೋಧಿ ರೈಲು, ಹಡಗಿನಲ್ಲಿ ಯೂರೋಪಿಗೆ ಬಂದು ಅಲ್ಲಿನ ಸಣ್ಣ ರೈತ ಸೋತಿದ್ದ. ಚಿಲಿ ಸರ್ಕಾರ ಆಗಷ್ಟೇ ದಕ್ಷಿಣದ ಮೂಲನಿವಾಸಿಗಳಾದ ಮಾಪುಚೆ ಜನರ ಅರೌಕಾನಿಯಾ ಪ್ರಾಂತವನ್ನು ಸೈನ್ಯದಿಂದ ಹಿಡಿದಿತ್ತು (1861ರಿಂದ 1883). ಆ ನೆಲ ತುಂಬಿಸಲು ಯೂರೋಪಿನಲ್ಲಿ ಏಜೆಂಟರನ್ನಿಟ್ಟು 1883ರಿಂದ ಸ್ವಿಸ್ ಕುಟುಂಬಗಳನ್ನು ಕರೆತಂದು ವಿಕ್ಟೋರಿಯಾ, ಎರ್ಸಿಯಾ, ಟ್ರಾಯ್ಗೆನ್ ಸುತ್ತ ಕೂರಿಸಿತು. ಯಜಮಾನನಿಗೆ ಸುಮಾರು 40 ಹೆಕ್ಟೇರ್, ಬೆಳೆದ ಗಂಡುಮಕ್ಕಳಿಗೆ ಹೆಚ್ಚುವರಿ, ಒಂದು ಜೊತೆ ಎತ್ತು, ಮನೆಗೆ ಹಲಗೆ, ಮೊಳೆ. ಪುಕ್ಕಟೆ ಅಲ್ಲ, ಜಮೀನು ಬಿಟ್ಟು ಉಳಿದದ್ದು ಕಂತಿನಲ್ಲಿ ತೀರಿಸುವ ಸಾಲ. 40 ಹೆಕ್ಟೇರ್ ಅಂದರೆ 100 ಎಕರೆ. ಕೇಳೋಕೆ ದೊಡ್ಡದು, ಆದರೆ ಕಾಡು ಕಡಿದು ಗೋಧಿ ಬಿತ್ತಬೇಕು, ಸುತ್ತ ದರೋಡೆಕೋರರ ಕಾಟ, ರೈಲು ಇನ್ನೂ ಬರಬೇಕು. ಎಷ್ಟೋ ಮಂದಿ ಬಿಟ್ಟು ಪಟ್ಟಣ ಸೇರಿದರು. ಉಳಿದವರು ಮಧ್ಯಮ ರೈತರಾದರು.

ಇಬ್ಬರಲ್ಲಿ ಯಾರು ಮೇಲೆ ಹೋದರು? ಗಿರಣಿ, ಬ್ಯಾಂಕು, ರಿಯಲ್ ಎಸ್ಟೇಟ್ ನೋಡಿದರೆ ಪ್ಯಾಲೆಸ್ತೀನ್ ಮೂಲದವರ ಹೆಸರೇ ಎದ್ದು ಕಾಣುತ್ತದೆ. ರಾಷ್ಟ್ರಪತಿ ಪಟ್ಟಿ ನೋಡಿದರೆ ಸ್ವಿಸ್ ಮೂಲದ ಫ್ರೇ ಮನೆತನದ ಅಪ್ಪ (1964–70), ಮಗ (1994–2000). ಆದರೆ ಇಂಥ ನಾಲ್ಕು ಹೆಸರು ಹಿಡಿದು ಸಮುದಾಯ ಅಳೆಯಬೇಡಿ, ಗೈಡ್ ಅಲ್ಲೇ ಹಿಡೀತಾರೆ.

ಪಹಣಿ ಪರೀಕ್ಷೆ

ಮಂಡಿಲೆಕ್ಕ ಅವರು ಇತಿಹಾಸ ಚೆನ್ನಾಗಿ ಹೇಳಿದ್ದಾರೆ. ಅಂಕಿಅಂಶದ ಮಾತು ನಾನು ಹೇಳ್ತೀನಿ, ತೊಡಕಿರೋದು ಅಲ್ಲೇ.

ಚಿಲಿಯ ಜನಗಣತಿ ಹುಟ್ಟಿದ ದೇಶ ಕೇಳುತ್ತದೆ, ಮಾಪುಚೆಯಂಥ ಮೂಲನಿವಾಸಿ ಗುರುತು ಕೇಳುತ್ತದೆ. ಅಜ್ಜ ಎಲ್ಲಿಂದ ಬಂದ ಅಂತ ಕೇಳೋದಿಲ್ಲ. ಕಾಸೆನ್ ಎಂಬ ಮನೆವಾರ್ತೆ ಸಮೀಕ್ಷೆಯಲ್ಲೂ ಅದಿಲ್ಲ. ಅಂದರೆ ಚಿಲಿಯಲ್ಲೇ ಹುಟ್ಟಿದ ಎರಡನೇ ತಲೆಮಾರಿನಿಂದ ಮುಂದಕ್ಕೆ ಎರಡೂ ಗುಂಪು ಸರ್ಕಾರಿ ಲೆಕ್ಕದಲ್ಲಿ ಮಾಯ.

ನೀವು ಓದುವ ಸಂಖ್ಯೆಗಳೂ ಒಂದೇ ಅಳತೆಯವಲ್ಲ. "ಸ್ವಿಸ್" ಅಂತ ಸರ್ಕಾರಿ ಪಟ್ಟಿಯಲ್ಲಿ ಸಿಗೋದು ಸ್ವಿಸ್ ಪೌರತ್ವ ಉಳಿಸಿಕೊಂಡವರು ಮಾತ್ರ. ಹೊರದೇಶದಲ್ಲಿ ಹುಟ್ಟಿದ ಮಗುವನ್ನು 25 ವರ್ಷದೊಳಗೆ ನೋಂದಾಯಿಸದಿದ್ದರೆ ಪೌರತ್ವ ಹೋಯಿತು (2018ಕ್ಕೆ ಮುಂಚೆ ಈ ಗಡುವು 22 ವರ್ಷ). "ಪ್ಯಾಲೆಸ್ತೀನ್" ಅನ್ನುವ 5 ಲಕ್ಷವೋ, ಒಬ್ಬ ಮುತ್ತಜ್ಜ ಬೆತ್ಲೆಹೆಮ್‌ನವನಾದರೂ ಸೇರಿಸಿಕೊಳ್ಳುವ ಅಂದಾಜು. ಒಂದು ಕಡೆ ಪಾಸ್‌ಪೋರ್ಟ್, ಇನ್ನೊಂದು ಕಡೆ ಅಭಿಮಾನ. ಈ ಎರಡನ್ನು ಒಂದೇ ಕೋಷ್ಟಕದಲ್ಲಿ ಹಾಕಿದರೆ ಪ್ರಬಂಧ ಅಲ್ಲಿಗೇ ಮುಗೀತು.

ಉಳಿಯುವ ದಾರಿ ಅಡ್ಡಹೆಸರು. ಚಿಲಿಯವರಿಗೆ ತಂದೆಯದೊಂದು, ತಾಯಿಯದೊಂದು, ಎರಡು ಅಡ್ಡಹೆಸರು. ಇದು ನಿಮ್ಮ ಪುಣ್ಯ. ಹೀಗೆ ಮಾಡಿ:

ಮೊದಲು ಗುಂಪಿಗೊಂದರಂತೆ ಎರಡು ಅಡ್ಡಹೆಸರು ಪಟ್ಟಿ. ಅರಬ್ ಕಡೆಗೆ 1941ರಲ್ಲಿ ಚಿಲಿಯಲ್ಲೇ ಅಚ್ಚಾದ ಅರಬ್ ಸಮುದಾಯದ ಕುಟುಂಬ ಕೈಪಿಡಿ ಇದೆ. ಅದರಲ್ಲಿ ಸಿರಿಯಾ, ಲೆಬನಾನ್‌ನವರೂ ಇದ್ದಾರೆ, ಮೂಲ ಊರು ನೋಡಿ ಬೇರೆ ಮಾಡಿ. ಸ್ವಿಸ್ ಕಡೆಗೆ 1962ರಲ್ಲಿ ಯಾವ ಅಡ್ಡಹೆಸರಿನವರು ಯಾವ ಪಂಚಾಯಿತಿಯ ಪೌರರು ಅನ್ನೋ ನೋಂದಣಿ ಆನ್‌ಲೈನ್ ಸಿಗುತ್ತದೆ. ಬೇರಿಸ್ವಿಲ್ ಅನ್ನೋ ಅಡ್ಡಹೆಸರು ಅಂದರೆ ಸ್ವಿಟ್ಜರ್ಲೆಂಡಿನ ಫ್ರಿಬೋರ್ ಕಡೆಯವರು ಅಂತ ಕಣ್ಣುಮುಚ್ಚಿ ಹೇಳಬಹುದು. ಆದರೆ ಮುಲ್ಲರ್, ಕೆಲ್ಲರ್, ಶ್ಮಿಟ್ ಬೇಡ. ಚಿಲಿಯ ದಕ್ಷಿಣದಲ್ಲಿ ಜರ್ಮನ್ನರೇ ರಾಶಿ ಇದ್ದಾರೆ. ನಮ್ಮಲ್ಲಿ ಹೆಗಡೆ ಅಂದರೆ ಹವ್ಯಕರೋ, ಬಂಟರೋ, ಜೈನರೋ ಹೇಳೋಕಾಗುತ್ತಾ? ಹಾಗೇ ಇದು. ಫ್ರೆಂಚ್, ಇಟಾಲಿಯನ್ ಮಾತಿನ ಸ್ವಿಸ್ಸರಂತೂ ಇನ್ನೂ ಸುಲಭವಾಗಿ ಜಾರಿಹೋಗ್ತಾರೆ. ಅಪರೂಪದ, ಬೇರೆ ಕಡೆ ಸಿಗದ ಹೆಸರು ಮಾತ್ರ ಇಟ್ಟುಕೊಳ್ಳಿ. ಪಟ್ಟಿ ಸಣ್ಣದಾದರೂ ಪರವಾಗಿಲ್ಲ.

ಆಮೇಲೆ ಅನುಪಾತ ಹಾಕೋಕೆ ಛೇದ, ಅಂದರೆ ಒಟ್ಟು ಜನ. ಇದಕ್ಕೆ ಮತದಾರರ ಪಟ್ಟಿ. 2012ಕ್ಕೆ ಮುಂಚಿನದು ಬೇಡ. ಆಗ ನೋಂದಣಿ ಇಷ್ಟವಿದ್ದರೆ ಮಾತ್ರ, ಹುಡುಗರೇ ಇರುತ್ತಿರಲಿಲ್ಲ. 2012ರಿಂದ ನೋಂದಣಿ ತಾನಾಗೇ ಆಗುತ್ತದೆ, ವಯಸ್ಕರೆಲ್ಲ ಸಿಗ್ತಾರೆ.

ಛೇದದ ಮೇಲೆ ಬರುವ ಅಂಶಕ್ಕೆ ಒಂದು ಮೇಲ್ಮಟ್ಟದವರ ಪಟ್ಟಿ, ಒಂದು ವಾಸಸ್ಥಳ. ವೈದ್ಯರ ಸಾರ್ವಜನಿಕ ನೋಂದಣಿ ಆರೋಗ್ಯ ಮೇಲ್ವಿಚಾರಣಾ ಇಲಾಖೆಯ ತಾಣದಲ್ಲಿದೆ, ಪದವಿ ಕೊಟ್ಟ ವಿಶ್ವವಿದ್ಯಾಲಯವೂ ಕಾಣುತ್ತದೆ. ಹೊರದೇಶದಲ್ಲಿ ಓದಿ ಬಂದವರನ್ನು ತೆಗೆದುಹಾಕಿ, ಇಲ್ಲದಿದ್ದರೆ ವೆನೆಜುವೆಲಾದಿಂದ ಬಂದ ಅರಬ್ ಹೆಸರಿನ ಡಾಕ್ಟರೂ ನಿಮ್ಮ ಲೆಕ್ಕಕ್ಕೆ ಸೇರ್ತಾರೆ. ಒಂದು ಗುಂಪಿನ ಹೆಸರುಗಳು ಮತದಾರರಲ್ಲಿ 10 ಸಾವಿರಕ್ಕೆ 2, ವೈದ್ಯರಲ್ಲಿ 10 ಸಾವಿರಕ್ಕೆ 6 ಇದ್ದರೆ ಅನುಪಾತ 3. ಒಂದಕ್ಕಿಂತ ಮೇಲಿದ್ದರೆ ಮುಂದಿದ್ದಾರೆ, ಕೆಳಗಿದ್ದರೆ ಹಿಂದೆ. ಒಂದೊಂದೇ ಅಡ್ಡಹೆಸರಿಗೆ ಲೆಕ್ಕ ಹಾಕಬೇಡಿ. ನೂರು ಜನರ ಹೆಸರಲ್ಲಿ ಒಬ್ಬ ಡಾಕ್ಟರ್ ಜಾಸ್ತಿಯಾದರೂ ಸಂಖ್ಯೆ ಕುಣಿಯುತ್ತದೆ. ಗುಂಪಿನ ಹೆಸರೆಲ್ಲ ಕೂಡಿಸಿಯೇ ಹಾಕಿ.

ಬರೀ ವೈದ್ಯರನ್ನು ನೋಡಿದರೆ ಮೇಲಿನ ತುದಿ ಮಾತ್ರ ಕಾಣುತ್ತದೆ, ಬಡವರು ಎಷ್ಟು ಅಂತ ಗೊತ್ತಾಗಲ್ಲ. ಅದಕ್ಕೆ ಮತದಾರರ ಪಟ್ಟಿಯ ಸ್ಥಳವನ್ನೇ ಬಳಸಿ: ವಿಟಕೂರಾ, ಲಾಸ್ ಕೊಂಡೆಸ್‌ನಂಥ ಸಿರಿವಂತರ ಬಡಾವಣೆಯಲ್ಲಿ ಎಷ್ಟು ಪಾಲು, ಲಾ ಪಿಂಟಾನಾದಂಥ ಬಡವರ ಕಡೆ ಎಷ್ಟು.

ಶಂಕರಘಟ್ಟ ಎಂ.ಎ.

ಧನ್ಯವಾದ ಸಾರ್. ಸಾಮಾಜಿಕ ಅಂಶಕ್ಕೆ ಏನು ಹಿಡೀಲಿ? ಪ್ಯಾಲೆಸ್ತಿನೊ ಫುಟ್‌ಬಾಲ್ ಕ್ಲಬ್, ಸ್ವಿಸ್ ಶಾಲೆ ಇಂಥವುಗಳ ಸದಸ್ಯರಿಗೆ ಆನ್‌ಲೈನ್ ಪ್ರಶ್ನಾವಳಿ ಕಳಿಸಿದರೆ ನಡೆಯುತ್ತಾ?

ಪಹಣಿ ಪರೀಕ್ಷೆ

ಬೇಡ ಮಾರಾಯ್ರೆ. ಕ್ಲಬ್ಬಿಗೆ ಚಂದಾ ಕಟ್ಟುವವನು, ಖಾಸಗಿ ಶಾಲೆಗೆ ಮಗನ್ನ ಕಳಿಸುವವನು ಮೊದಲೇ ಗೆದ್ದವನು. ಸೋತವನು ಅಲ್ಲಿಗೆ ಬರೋದೇ ಇಲ್ಲ. ಪ್ಯಾಲೆಸ್ತಿನೊ ಕ್ಲಬ್ 1920ರಿಂದ ಇದೆ, 1955 ಮತ್ತು 1978ರಲ್ಲಿ ಲೀಗ್ ಗೆದ್ದಿದೆ, ಆ ಗುರುತು ಇಷ್ಟು ಗಟ್ಟಿಯಾಗಿ ಉಳಿದದ್ದಕ್ಕೆ ಅದೂ ಒಂದು ಕಾರಣ. ಅದನ್ನು ವಿವರಣೆಗೆ ಬಳಸಿ, ಮಾದರಿಗೆ ಬೇಡ.

ಸಾಮಾಜಿಕಕ್ಕೆ ಮದುವೆ ಸಾಕು, ಅದೂ ಅಡ್ಡಹೆಸರಲ್ಲೇ ಸಿಗುತ್ತದೆ. ತಂದೆ ಕಡೆ ಹೆಸರು ನಿಮ್ಮ ಪಟ್ಟಿಯಲ್ಲಿರುವವರನ್ನು ತೆಗೆದು, ಅವರಲ್ಲಿ ತಾಯಿ ಕಡೆ ಹೆಸರೂ ಅದೇ ಪಟ್ಟಿಯಲ್ಲಿ ಎಷ್ಟು ಮಂದಿಗೆ ಅಂತ ಎಣಿಸಿ. ಅದೇ ಒಳಮದುವೆಯ ಪ್ರಮಾಣ. ನಿಮ್ಮ ಪಟ್ಟಿ ಚಿಕ್ಕದಾದಷ್ಟೂ ಇದು ನಿಜಕ್ಕಿಂತ ಕಮ್ಮಿ ತೋರಿಸುತ್ತದೆ, ಆ ಮಾತು ಅಡಿಯಲ್ಲಿ ಬರೀರಿ. ರುಟ್ ಎಂಬ ಗುರುತು ಸಂಖ್ಯೆ ಇರುವ ಪಟ್ಟಿ ಸಿಕ್ಕರೆ ಇನ್ನೂ ಒಳ್ಳೇದು. ಆ ಸಂಖ್ಯೆ ಸುಮಾರಾಗಿ ಹುಟ್ಟಿದ ಕ್ರಮದಲ್ಲೇ ಏರುತ್ತದೆ, ಹಳಬರು, ಹೊಸಬರು ಅಂತ ತಲೆಮಾರು ಒಡೆದು ನೋಡಬಹುದು.

ಕಾನುಗೋಡು

ವಿಧಾನ ಸರಿ ಇದೆ. ತಕರಾರು ಇರೋದು ಹೋಲಿಕೆಯ ಮೇಲೆ. ಸ್ವಿಸ್ಸರನ್ನು ಸರ್ಕಾರವೇ ಅರೌಕಾನಿಯಾಕ್ಕೆ ತಳ್ಳಿತು, ಅದು ಇವತ್ತಿಗೂ ಚಿಲಿಯ ಅತಿ ಬಡ ಪ್ರಾಂತಗಳಲ್ಲಿ ಒಂದು. ಪ್ಯಾಲೆಸ್ತೀನಿಯರು ತಾವೇ ಹುಡುಕಿಕೊಂಡು ಸಾಂಟಿಯಾಗೊ, ಲಾ ಕಲೇರಾ ಪೇಟೆಗಳಲ್ಲಿ ಕೂತರು. ದೇಶದ ಸರಾಸರಿ ತೆಗೆದು ಹೋಲಿಸಿದರೆ ನೀವು ಅಳೆದದ್ದು ಸಮುದಾಯವನ್ನಲ್ಲ, ಊರನ್ನ. ಸಾಂಟಿಯಾಗೊದ ಸ್ವಿಸ್ಸರನ್ನು ಸಾಂಟಿಯಾಗೊದ ಪ್ಯಾಲೆಸ್ತೀನಿಯರ ಜೊತೆಗೇ ಇಡಿ, ಅರೌಕಾನಿಯಾದ ಮುಖ್ಯ ಪಟ್ಟಣ ತೆಮುಕೊದವರನ್ನು ತೆಮುಕೊದವರ ಜೊತೆ.

ಮೂರನೇ ಗುಂಪು ಒಂದು ಸೇರಿಸಲೇಬೇಕು: ಮಾಪುಚೆ. ಸ್ವಿಸ್ ಕುಟುಂಬಕ್ಕೆ 40 ಹೆಕ್ಟೇರ್ ಕೊಟ್ಟದ್ದು ಅವರ ನೆಲದಲ್ಲಿ. 1884ರಿಂದ 1929ರವರೆಗೆ ಸುಮಾರು 3,000 ಹಕ್ಕುಪತ್ರ ಕೊಟ್ಟು ಅವರನ್ನು ಒಟ್ಟು 5 ಲಕ್ಷ ಹೆಕ್ಟೇರಿಗೆ ಒತ್ತಿದರು, ತಲೆಗೆ 6 ಹೆಕ್ಟೇರ್ ಆಸುಪಾಸು ಬಿತ್ತು. ಇದನ್ನು ಬಿಟ್ಟು "ಕಷ್ಟಪಟ್ಟು ಮೇಲೆ ಬಂದ ರೈತರು" ಅಂತ ಬರೆದರೆ ಅರ್ಧ ಲೆಕ್ಕ. ಶರಾವತಿ ಮುಳುಗಡೆಯವರಿಗೆ ಲಿಂಗನಮಕ್ಕಿ ಕಟ್ಟಿ 60 ವರ್ಷ ಆದಮೇಲೂ ಎಷ್ಟೋ ಕಡೆ ಪಹಣಿ ಇಲ್ಲ. ಪಹಣಿ ಇಲ್ಲ ಅಂದರೆ ಬೆಳೆಸಾಲ ಇಲ್ಲ. ಸಾಗರ, ಹೊಸನಗರದ ಕಡೆಯವರಿಗೆ ಕಾಗದದ ಬೆಲೆ ವಿವರಿಸೋದು ಬೇಡ.

ಮೂಲ ದೇಶವೇ ಕಾರಣ ಅನ್ನುವವರಿಗೆ ಎರಡು ಉದಾಹರಣೆ ಪ್ರಬಂಧದಲ್ಲಿ ಇಟ್ಟುಬಿಡಿ. ಒಂದು, ಬ್ರೆಜಿಲ್‌ನ ಇಬಿಕಾಬಾ ಕಾಫಿ ತೋಟ. 1850ರ ದಶಕದಲ್ಲಿ ಸ್ವಿಸ್ ಬಡವರನ್ನು ಅವರವರ ಪಂಚಾಯಿತಿಗಳೇ ಹಡಗು ಖರ್ಚು ಮುಂಗಡ ಕೊಟ್ಟು ಅಲ್ಲಿಗೆ ಸಾಗಿಸಿದವು. ಆ ಸಾಲ ಕಾಫಿ ಪಾಲಿನಲ್ಲಿ ತೀರಿಸಬೇಕು, ಬಡ್ಡಿ ಸೇರುತ್ತಲೇ ಇತ್ತು, ತೂಕ ಹಾಕೋದೂ ತೋಟದ ಧಣಿಯೇ. 1856ರ ಕೊನೆಗೆ ತೋಮಾಸ್ ದಾವಾತ್ಸ್ ಎಂಬ ಮೇಷ್ಟರ ಮುಂದಾಳತ್ವದಲ್ಲಿ ಎದ್ದುನಿಂತರು. ತೋಟದ ಮುಂಗಡ ಸಾಲ ಕಂಡ ಕೊಪ್ಪ, ಮೂಡಿಗೆರೆಯವರಿಗೆ ಇದು ಹೊಸದಲ್ಲ. ಆಗ ಸ್ವಿಸ್ ಅನ್ನೋ ಹೆಸರು ಯಾರನ್ನೂ ಕಾಯಲಿಲ್ಲ.

ಇನ್ನೊಂದು, ಬರ್ಲಿನ್‌ನ ಪ್ಯಾಲೆಸ್ತೀನಿಯರು. ಲೆಬನಾನ್ ಯುದ್ಧದಿಂದ ತಪ್ಪಿಸಿಕೊಂಡು 1970, 80ರ ದಶಕದಲ್ಲಿ ಬಂದ ಎಷ್ಟೋ ಕುಟುಂಬಗಳಿಗೆ ಸಿಕ್ಕಿದ್ದು ಗಡೀಪಾರು ಸದ್ಯಕ್ಕೆ ತಡೆದ ತಾತ್ಕಾಲಿಕ ಚೀಟಿ, ವರ್ಷಗಟ್ಟಲೆ ನವೀಕರಿಸುತ್ತಲೇ ಇರಬೇಕು, ಕೆಲಸ ಮಾಡೋ ಹಾಗಿಲ್ಲ. ಅಂಥವರ ಮಕ್ಕಳ ಓದು, ಉದ್ಯೋಗ ಚಿಲಿಯವರ ಸಮ ಹೇಗೆ ಬರುತ್ತದೆ? ಚಿಲಿಯಲ್ಲೇ 2008ರಲ್ಲಿ ಇರಾಕ್ ಗಡಿಯ ಅಲ್ ತನ್ಫ್ ಶಿಬಿರದಿಂದ 117 ಪ್ಯಾಲೆಸ್ತೀನ್ ನಿರಾಶ್ರಿತರು ಬಂದರು. ಅವರನ್ನು ಹಳೇ ಬೆತ್ಲೆಹೆಮ್ ಕುಟುಂಬಗಳ ಲೆಕ್ಕಕ್ಕೆ ಸೇರಿಸಬೇಡಿ.

ಮಂಡಿಲೆಕ್ಕ

ಕಾನುಗೋಡು ಅವರ ಊರುವಾರು ಹೋಲಿಕೆ ಒಪ್ಪಿದೆ. ಅದರ ಜೊತೆ ಕಾಲವೂ ನೋಡಿ. ಬಟ್ಟೆ ಗಿರಣಿಯ ಸಿರಿತನ ಒಂದೇ ಸಮ ಏರಿದ್ದಲ್ಲ. 1971ರಲ್ಲಿ ಯಾರೂರ್ ಗಿರಣಿಯನ್ನು ಕಾರ್ಮಿಕರು ವಶಕ್ಕೆ ತಗೊಂಡರು, 1973ರ ಸೈನಿಕ ದಂಗೆಯ ನಂತರ ಆಮದು ಸುಂಕ ಇಳಿಸುತ್ತಾ 1979ಕ್ಕೆ 10 ಪರ್ಸೆಂಟಿಗೆ ತಂದರು, ಅಗ್ಗದ ಬಟ್ಟೆ ನುಗ್ಗಿತು, ಗಿರಣಿಗಳು ಮುಚ್ಚಿದವು. ಬ್ಯಾಂಕು, ಜಮೀನು ಇದ್ದವರು ದಾಟಿಕೊಂಡರು, ಸಣ್ಣ ಗಿರಣಿಯವರು ಮತ್ತೆ ಅಂಗಡಿಗೆ ಬಂದರು. ಸಮುದಾಯದ ಒಳಗಿನ ಅಂತರ ಆಗ ಹಿಗ್ಗಿತು, ಸರಾಸರಿಯಲ್ಲಿ ಅದು ಕಾಣಲ್ಲ.

ವಾಪಸ್ ಹೋಗುವ ಬಾಗಿಲಿನ ಮಾತೂ ಇದೆ. ಆಗ ಪ್ಯಾಲೆಸ್ತೀನ್ ಆಳುತ್ತಿದ್ದ ಬ್ರಿಟಿಷರ 1925ರ ಪೌರತ್ವ ಆದೇಶದ ನಂತರ ಲ್ಯಾಟಿನ್ ಅಮೆರಿಕದಲ್ಲಿದ್ದ ಎಷ್ಟೋ ಪ್ಯಾಲೆಸ್ತೀನಿಯರ ಪೌರತ್ವದ ಅರ್ಜಿಗಳು ತಿರಸ್ಕೃತವಾದವು. ಚಿಲಿಯಲ್ಲೇ ಗಳಿಸಿ ಚಿಲಿಯಲ್ಲೇ ಹಾಕಬೇಕಾಯಿತು. ಪೌರತ್ವ ಉಳಿಸಿಕೊಂಡ ಸ್ವಿಸ್ ಮೊಮ್ಮಗ ಜೂರಿಚ್‌ಗೆ ಹೋಗಿ ಕೆಲಸ ಹಿಡೀಬಹುದು, ಹೋದರೆ ನಿಮ್ಮ ಚಿಲಿ ಪಟ್ಟಿಯಿಂದ ಬೀಳ್ತಾನೆ. ಹಾಗಾಗಿ ಸ್ವಿಸ್ ಅಂಕಿ ಸ್ವಲ್ಪ ಕೆಳಗೆ ತೋರಿಸೋ ಸಾಧ್ಯತೆ ಇದೆ.

ಪಹಣಿ ಪರೀಕ್ಷೆ

ಮೂರು ತಿಂಗಳಿಗೆ ಹಂಚಿಕೆ: ಮೊದಲ ಐದು ವಾರ ಅಡ್ಡಹೆಸರು ಪಟ್ಟಿಗೇ ಇಡಿ, ಗುಂಪಿಗೆ 60, 70 ಹೆಸರು ಸಿಕ್ಕರೆ ಸಾಕು. ಆಮೇಲೆ ಮೂರು ವಾರ ಹೊಂದಿಸೋದು, ಉಳಿದದ್ದು ಬರವಣಿಗೆ. ಹೊಂದಿಸುವ ಮುನ್ನ ಅಕ್ಷರದ ಮೇಲಿನ ಚಿಹ್ನೆಗಳನ್ನೆಲ್ಲ ಕಿತ್ತುಹಾಕಿ, ಎಲ್ಲ ದೊಡ್ಡಕ್ಷರಕ್ಕೆ ತನ್ನಿ. ಒಂದೇ ಚಹುವಾನ್ ಕುಟುಂಬ ಒಂದು ಕಡೆ ಚಿಹ್ನೆ ಇಟ್ಟು, ಇನ್ನೊಂದು ಕಡೆ ಬಿಟ್ಟು ಬರೆದಿರುತ್ತದೆ. ಕಂಪ್ಯೂಟರ್‌ಗೆ ಅದು ಎರಡು ಮನೆತನ. ಅರಬ್ ಹೆಸರುಗಳನ್ನು ಬಂದರಿನ ಗುಮಾಸ್ತ ಕೇಳಿದ ಹಾಗೆ ಬರೆದದ್ದು, ಅಣ್ಣ ತಮ್ಮಂದಿರದ್ದೇ ಬೇರೆ ಬೇರೆ ಸ್ಪೆಲ್ಲಿಂಗ್ ಇರುತ್ತದೆ, ಅವನ್ನು ಕೈಯಿಂದಲೇ ಕೂಡಿಸಬೇಕು. ಅನುಬಂಧದಲ್ಲಿ ಅಡ್ಡಹೆಸರು ಮತ್ತು ಎಣಿಕೆ ಮಾತ್ರ ಹಾಕಿ. ವ್ಯಕ್ತಿಗಳ ಪೂರ್ತಿ ಹೆಸರು, ರುಟ್ ಸಂಖ್ಯೆ ಇರುವ ಹಾಳೆಯನ್ನು ಯಾರಿಗೂ ಕಳಿಸಬೇಡಿ.