ಜೀವ ಹೋಗುವ ಹೊತ್ತು: ನರ್ಸ್‌ಗಳಿಗೆ ಏನನಿಸುತ್ತದೆ?

ಪ್ರಶ್ನೆ (ಸ್ಟಾಫ್ ನರ್ಸ್, ಹುಬ್ಬಳ್ಳಿ):
ಐಸಿಯುನಲ್ಲಿ ನನ್ನ ಕೆಲಸ. ಡಾಕ್ಟರ್ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಟೈಮ್ ಬರೆಯುತ್ತಾರೆ. ಆದರೆ ಜೀವ ಹೋಗಿದ್ದು ಸರಿಯಾಗಿ ಆ ಟೈಮಿಗೇ ಅಂತ ನನಗೆ ಅನಿಸುವುದಿಲ್ಲ. ಕೆಲವರು ಮೊದಲೇ ಹೋಗಿಬಿಟ್ಟಿರುತ್ತಾರೆ. ಇನ್ನು ಕೆಲವರು ಮೈ ಒರೆಸಿ ಬಟ್ಟೆ ಹಾಕುವ ತನಕ ಅಲ್ಲೇ ಇದ್ದಾರೆ ಅನಿಸುತ್ತದೆ, ಅದಕ್ಕೇ ನಾನು "ಅಜ್ಜಿ, ಸ್ವಲ್ಪ ಮಗ್ಗಲು ತಿರುಗಿಸ್ತೀನಿ" ಅಂತ ಹೇಳಿಯೇ ತಿರುಗಿಸುತ್ತೇನೆ. ನಿಮಗೂ ಹೀಗಾಗುತ್ತಾ? ಆತ್ಮ ಇದೆ ಅಂತ ನಂಬ್ತೀರಾ?

ಉತ್ತರ 1 (ಗದಗ):
ನಂಬ್ತೀನಿ. ಆದರೆ ಆತ್ಮದ ತೂಕ 21 ಗ್ರಾಂ ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ಅದನ್ನು ಮಾತ್ರ ನಂಬಬೇಡಿ. ಅಮೆರಿಕದ ಮ್ಯಾಕ್‌ಡೂಗಲ್ ಎಂಬ ಡಾಕ್ಟರ್ ಸಾಯುತ್ತಿದ್ದ 6 ಜನರನ್ನು ತೂಗಿ ನೋಡಿ 1907ರಲ್ಲಿ ಅದನ್ನು ಪ್ರಕಟಿಸಿದ್ದರು. ಆ 21 ಗ್ರಾಂ ಲೆಕ್ಕ ಬಂದಿದ್ದು ಒಬ್ಬರದರಿಂದ ಮಾತ್ರ. ನನ್ನ ನಂಬಿಕೆಗೆ ತಕ್ಕಡಿ ಬೇಕಾಗಿಲ್ಲ. ಎಷ್ಟೋ ದಿನದಿಂದ ಗುರುತೇ ಹಿಡಿಯದವರು ಹೋಗುವ ಮುಂಚೆ ಕಣ್ಣು ತೆರೆದು ಮಗಳ ಹೆಸರು ಹಿಡಿದು ಕರೆದದ್ದನ್ನು ನೋಡಿದ್ದೇನೆ, ಮನೆಯವರು ಹುಷಾರಾದ್ರು ಅಂತ ಖುಷಿಪಡುತ್ತಾರೆ, ನಮಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ.

ಉತ್ತರ 2 (ಧಾರವಾಡ):
ನಾನು ಆತ್ಮ ನಂಬಲ್ಲ. ಉಸಿರು ಜೋರಾಗುತ್ತದೆ, ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಮೊಣಕಾಲು ನೀಲಿ-ಕೆಂಪು ಮಚ್ಚೆ ಮಚ್ಚೆ ಆಗುತ್ತದೆ. ಗಂಟಲಲ್ಲಿ ಗೊರಗೊರ ಅನ್ನೋದು ನುಂಗಲಾಗದೆ ನಿಂತ ಕಫ, ಜೀವ ಒದ್ದಾಡುವ ಸದ್ದಲ್ಲ. ಇದನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು, ಇಲ್ಲಾಂದ್ರೆ ಆ ಸದ್ದು ಅವರನ್ನು ವರ್ಷಗಟ್ಟಲೆ ಕಾಡುತ್ತದೆ. ತುಳಸಿ ನೀರು ಬಾಯಿಗೆ ಹಾಕಬೇಕು ಅಂತಾರೆ. ಬೇಡ ಅನ್ನಲ್ಲ, ಹತ್ತಿ ಅದ್ದಿ ತುಟಿಗೆ ಸವರಿಸುತ್ತೇನೆ, ಚಮಚದಲ್ಲಿ ಹಾಕಿದ್ರೆ ಉಸಿರಿಗೆ ಅಡ್ಡ ಹೋಗುತ್ತೆ.

ಉತ್ತರ 3 (ಹಾವೇರಿ):
ಆತ್ಮದ ವಿಷಯ ಬಿಡಿ, ಕಿವಿ ಕೊನೆಯ ತನಕ ಕೇಳಬಹುದು. ಕೆನಡಾದ ವ್ಯಾಂಕೂವರ್‌ನವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಜ್ಞೆ ತಪ್ಪಿ ಸಾವಿಗೆ ಕೆಲವೇ ಗಂಟೆ ಇದ್ದ ಕೆಲವರ ಮಿದುಳು ಶಬ್ದಕ್ಕೆ ಸ್ಪಂದಿಸಿತ್ತು. ಅರ್ಥ ಆಗುತ್ತಿತ್ತಾ ಅಂತ ಅದರಿಂದ ಹೇಳಲಾಗದು. ನಮ್ಮ ಜನ ವಿಭೂತಿ ಹಚ್ಚಿ ಕಿವಿಯಲ್ಲಿ "ಓಂ ನಮಃ ಶಿವಾಯ" ಅಂತಾರೆ, ಮುಸ್ಲಿಮರು ಕಲ್ಮಾ ಓದ್ತಾರೆ. ಅದನ್ನು ತಡೆಯಬೇಡಿ. ಮಂಚದ ಪಕ್ಕ ನಿಂತು ಹೊಲ ಹಂಚಿಕೆ ಜಗಳ ಶುರು ಮಾಡಿದರೆ ಮಾತ್ರ ಹೊರಗೆ ಕಳಿಸಿ, ನಾನು ಕಳಿಸಿದ್ದೇನೆ.

ಪ್ರಶ್ನೆ ಕೇಳಿದವರು:
ನಮ್ಮಲ್ಲಿ ಆ ಹೊತ್ತಿಗೆ ಮನೆಯವರನ್ನೆಲ್ಲ ಹೊರಗೇ ಕೂರಿಸುತ್ತಾರೆ. ಒಬ್ಬರನ್ನಾದರೂ ಒಳಗೆ ಬಿಡಿ ಅಂತ ನಾಳೆ ಇನ್‌ಚಾರ್ಜ್ ಸಿಸ್ಟರ್ ಹತ್ರ ಮಾತಾಡ್ತೀನಿ.